ಗೋಡೆಯಾಚೆಯ ವಿಜ್ಞಾನ ಪಾಠ

ನಳಿನಾಕ್ಷಿಯ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ. ಯಾರ ಯಾರ ಮೇಲೆ ಎಂದು ಹೇಳುತ್ತಾ ಹೋಗುತ್ತೇನೆ, ಯಾರನ್ನೂ ಬಿಡುವುದಿಲ್ಲ. ಬಿ.ಪಿ. ಇರುವವರು ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆ ಡಾಕ್ಟರಿಗೆ ನಳಿನಾಕ್ಷಿ ಗೊತ್ತಿಲ್ಲ.

ಕುದ್ರೋಳಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಯೆತ್ತರದ ಕೆಂಪುಕಲ್ಲಿನ ಗೋಡೆ. ಈಚೆ ನಾನು, ಸತ್ಯವತಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿ ಎಂಟು ವರ್ಷದ ಹಿಂದೆ ನಿವೃತ್ತಳಾದವಳು. ಆಚೆ ನಳಿನಾಕ್ಷಿ. ವಯಸ್ಸು ಮೂವತ್ತನಾಲ್ಕು, ಬೀಡಿ ಕಟ್ಟುವವಳು. ಗಂಡ ಜಯ ಪಂಪ್‌ವೆಲ್‌ನಲ್ಲಿ ರಿಕ್ಷಾ ಓಡಿಸುತ್ತಾನೆ, ಮಗಳು ಅಶ್ಮಿತಾ ಎಂಟನೆಯ ತರಗತಿ. ಒಂಬತ್ತನೆಯ ತರಗತಿಯಲ್ಲಿದ್ದಾಗ ತಾಯಿಗೆ ಕಾಯಿಲೆಯಾಗಿ ನಳಿನಾಕ್ಷಿ ಶಾಲೆ ಬಿಟ್ಟಳು. ತಾಯಿಯ ಮಡಿಲಲ್ಲಿದ್ದ ಬೀಡಿಯ ತಡ್ಪೆ, ಎಲೆ, ಹೊಗೆಸೊಪ್ಪು ಇಡುವ ಆ ಮೊರ, ಅವಳ ಮಡಿಲಿಗೆ ಬಂತು. ಇಪ್ಪತ್ತು ವರ್ಷ ಅದು ಅಲ್ಲಿಂದ ಇಳಿಯಲಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು ವಾಪಸು ಬರುವಾಗ ಅವಳು ನಮ್ಮ ಗೇಟು ತೆರೆದು ಒಳಗೆ ಬಂದಳು. ನಾವಿಬ್ಬರೂ ಯಾವಾಗಲೂ ಮಾತಾಡುವುದು ತುಳುವಿನಲ್ಲಿ. ಅವತ್ತು ಅವಳು ಕನ್ನಡದಲ್ಲಿ ಶುರು ಮಾಡಿದಳು.

"ಟೀಚರ್, ನಂಗೆ ಎಸ್ಸೆಸ್ಸೆಲ್ಸಿ ಕಟ್ಲಿಕ್ಕುಂಟು, ಪ್ರೈವೇಟಾಗಿ."

"ಈಗ ಎಂತಕ್ಕೆ ಮಾರಾಯ್ತಿ?"

"ನಮ್ಮ ಅಂಗನವಾಡಿಯ ಸಹಾಯಕಿ ಬರುವ ವರ್ಷ ರಿಟೈರ್ ಆಗ್ತಾರೆ. ಆ ಕೆಲಸಕ್ಕೆ ಹತ್ತನೇ ಪಾಸಾಗ್ಬೇಕಂತೆ. ಮೂವತ್ತೈದು ದಾಟ್ಬಾರ್ದಂತೆ. ಬರುವ ವರ್ಷದ ಆಗಸ್ಟಿಗೆ ನಂಗೆ ಮೂವತ್ತೈದು ತುಂಬ್ತದೆ. ಗಣಿತ, ವಿಜ್ಞಾನ ನೀವು ಸ್ವಲ್ಪ ಹೇಳಿ ಕೊಡ್ತೀರಾ?" ಎಂದು ಹೇಳಿ ಕೆಮ್ಮಿದಳು. ಹೊಗೆಸೊಪ್ಪಿನ ಧೂಳಿನ ಆ ಕೆಮ್ಮು ಅವಳ ತಾಯಿಗೂ ಇತ್ತು, ಅದರಲ್ಲೇ ಆಕೆ ಹೋದದ್ದು.

ನಾನು ಎಂತ ಹೇಳಿದೆ ಗೊತ್ತುಂಟಾ? "ಅಯ್ಯೋ ನಳಿನಾಕ್ಷಿ, ಈಗ ಅದೆಲ್ಲ ಮೊಬೈಲಿನಲ್ಲೇ ಉಂಟಲ್ಲ. ನನಗಿಂತ ಒಳ್ಳೆಯ ಟೀಚರುಗಳಿದ್ದಾರೆ ಅದರಲ್ಲಿ. ಫ್ರೀ ಬೇರೆ. ಒತ್ತಿದರೆ ಆಯ್ತು."

ಒತ್ತಿದರೆ ಆಯ್ತಂತೆ! ಮಧ್ಯಾಹ್ನದ ನಿದ್ದೆ ಹಾಳಾಗುತ್ತದಲ್ಲ ಎಂಬ ಚಿಂತೆ ನನ್ನದು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಮೊಬೈಲನ್ನು ಹೊಗಳಿದೆ. ಅವಳು ನನ್ನ ಮಾತನ್ನು ನಂಬಿ ಹೋದಳು.

ಅವಳಿಗೆ ಕಲಿಯುವ ಹುಚ್ಚು ಎಷ್ಟಿತ್ತು ಎಂಬುದು ನನಗೆ ಗೋಡೆಯ ಈಚೆಯಿಂದಲೇ ತಿಳಿಯಿತು. ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಒಂದು ಗಂಟೆ ಬರೆಯುವುದು, ಆಮೇಲೆ ಸಂಜೆಯವರೆಗೆ ಜಗಲಿಯಲ್ಲಿ ಬೀಡಿ. ಬೀಡಿ ಕಟ್ಟುವವರ ಕೈ ಮತ್ತು ಕಣ್ಣು ಎರಡೂ ಎಲೆಯ ಮೇಲೆ. ಕಣ್ಣು ತಪ್ಪಿದರೆ ಕತ್ತರಿ ಬೆರಳಿಗೆ, ಸುರುಳಿ ಸಡಿಲವಾದರೆ ಬ್ರಾಂಚಿನಲ್ಲಿ ವಾಪಸು. ಬಿಡುವಾಗಿರುವುದು ಕಿವಿ ಮಾತ್ರ. ಅದಕ್ಕೇ ಆ ಜಗಲಿಗಳಲ್ಲಿ ಮೊದಲು ರೇಡಿಯೋ ಇರುತ್ತಿತ್ತು, ಈಗ ಮೊಬೈಲು. ನಳಿನಾಕ್ಷಿ ಮೊಬೈಲನ್ನು ಕಂಬಕ್ಕೆ ಒರಗಿಸಿ ಇಟ್ಟು, ಒಂದು ಸಲವೂ ಅದರ ಕಡೆ ನೋಡದೆ, ಹತ್ತನೆಯ ತರಗತಿಯನ್ನು ಕಿವಿಯಿಂದ ಓದಿದಳು.

ಹಾಗೆ ಓದುವವರಿಗೆ ಆ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಉಪಯೋಗಕ್ಕಿಲ್ಲ. "ಇದನ್ನು ಇಲ್ಲಿ ತಂದು ಇದರಿಂದ ಕಳೆಯಿರಿ" ಎನ್ನುತ್ತಾರೆ ಮಹಾಶಯರು. ಯಾವುದನ್ನು? ಎಲ್ಲಿಗೆ? ನಡುವೆ ಜಾಹೀರಾತು ಬೇರೆ, ನಿಮ್ಮ ಮಗುವನ್ನು ಇಂಜಿನಿಯರ್ ಮಾಡಿ, ಡಾಕ್ಟರ್ ಮಾಡಿ ಎಂದು. ಅವಳ ಬೆರಳಿಗೆ ಹೊಗೆಸೊಪ್ಪಿನ ಪುಡಿ ಅಂಟಿರುತ್ತದೆ, ಆದ್ದರಿಂದ ಮೊಣಕೈ ಚಾಚಿ ಅದರಲ್ಲೇ ಒತ್ತಿ ಜಾಹೀರಾತನ್ನು ಓಡಿಸುವುದು. ಎಷ್ಟೋ ಸಲ ಮೊಣಕೈ ತಪ್ಪಿ ಪಾಠವೇ ಓಡಿಹೋಗುತ್ತಿತ್ತು. "ಎಂತ ಸಾವು ಇದು!" ಎಂದು ಅವಳು ಬಯ್ಯುವುದು ನನಗೆ ಅಡುಗೆಮನೆಗೆ ಕೇಳುತ್ತಿತ್ತು.

ಒಳ್ಳೆಯವರೂ ಇದ್ದರು, ಸುಳ್ಳು ಯಾಕೆ ಹೇಳಲಿ. ಗಣಿತಕ್ಕೆ ಉತ್ತರ ಕರ್ನಾಟಕದ ಕಡೆಯ ಒಬ್ಬ ಟೀಚರ್ ಸಿಕ್ಕಿದ್ದರು. ಹೆಸರು ನನಗೆ ಗೊತ್ತಿಲ್ಲ, ದನಿ ಗೊತ್ತು. "ಈಗ ನಾ ಒಂದು ಗೆರಿ ಎಳಿಯಾಕತ್ತೀನಿ, ಎಡಕ್ಕ ಎ, ಬಲಕ್ಕ ಬಿ" ಎಂದು ಕೈ ಮಾಡುವುದನ್ನೆಲ್ಲ ಬಾಯಲ್ಲೂ ಹೇಳುತ್ತಿದ್ದರು. ನಳಿನಾಕ್ಷಿ ಬೀಡಿಗೆ ನೂಲು ಸುತ್ತುತ್ತಾ "ಎಡಕ್ಕ ಎ, ಬಲಕ್ಕ ಬಿ" ಎಂದು ಅದೇ ರಾಗದಲ್ಲಿ ಹೇಳುವಾಗ ನನಗೆ ನಗು ಬರುತ್ತಿತ್ತು. ಮೂವತ್ತೊಂದು ವರ್ಷ ನಾನು ಬೋರ್ಡಿಗೆ ಬಡಿದು "ಇಲ್ಲಿ ನೋಡಿ, ಇಲ್ಲಿ ನೋಡಿ" ಎಂದೇ ಕಲಿಸಿದ್ದೆ ಎಂದು ನೆನಪಾದಾಗ ಆ ನಗು ನಿಂತಿತು. ಆ ಪುಣ್ಯಾತ್ಗಿತ್ತಿಯಿಂದಾಗಿ ಇವಳಿಗೆ ಗಣಿತ ಬಂತು. ದುಡ್ಡು ಕೊಟ್ಟರೂ ಸಿಗದ ಟೀಚರ್ ಒಬ್ಬರು ಕುದ್ರೋಳಿಯ ಜಗಲಿಗೆ ಬಂದು ಪಾಠ ಮಾಡಿದರು. ನಾನು ಪಕ್ಕದ ಮನೆಯಲ್ಲಿದ್ದೂ ಮಾಡಲಿಲ್ಲ.

ವಿಜ್ಞಾನಕ್ಕೂ ಅವಳು ಕಿವಿಯಿಂದಲೇ ಆರಿಸಿದಳು. "ಗೆಲುವಿನ ಗುರು" ಎಂಬ ಚಾನೆಲಿನ ಒಬ್ಬ ಸರ್. ಗಂಟೆ ಹೊಡೆದಂಥ ದನಿ, ಬಿಡಿಸಿ ಬಿಡಿಸಿ ಹೇಳುವುದು. ಅವಳ ಹತ್ತಿರ ಇದ್ದ ವಿಜ್ಞಾನದ ಪುಸ್ತಕ ಅಣ್ಣನ ಮಗ ಕೌಶಲ್‌ನದು, ಅವನೀಗ ದುಬೈಯಲ್ಲಿದ್ದಾನೆ. ಸರ್ ಹೇಳುವುದೂ ಆ ಪುಸ್ತಕದಲ್ಲಿರುವುದೂ ಸಾಲುಸಾಲು ಸರಿಹೊಂದುತ್ತಿತ್ತು. ನಾನೂ ಈಚೆಯಿಂದ ಕೇಳುತ್ತಿದ್ದೆನಲ್ಲ! ಎಲ್ಲ ನಾನು ಕಲಿಸಿದ ಪಾಠಗಳೇ. ಪೆಟ್ರೋಲ್ ಎಂಜಿನ್‌ನ ನಾಲ್ಕು ಹೊಡೆತಗಳನ್ನು ಆತ ಹೇಳುವ ಮೊದಲೇ ನಾನು ದೋಸೆಗೆ ಅರೆಯುತ್ತಾ ಹೇಳುತ್ತಿದ್ದೆ. ಪರವಾಗಿಲ್ಲ, ನಾನಿನ್ನೂ ಮರೆತಿಲ್ಲ ಎಂದು ಹೆಮ್ಮೆಪಟ್ಟುಕೊಂಡೆ.

ಅವಳೂ ಆ ಎಂಜಿನ್ ಪಾಠ ಎಷ್ಟು ಚೆನ್ನಾಗಿ ಕಲಿತಳೆಂದರೆ, ಒಂದು ದಿನ ಜಯ ನನ್ನಲ್ಲಿಗೇ ಬಂದು ದೂರು ಹೇಳಿದ. "ಟೀಚರೇ, ಹದಿನೈದು ವರ್ಷದಿಂದ ರಿಕ್ಷಾ ಓಡಿಸ್ತಾ ಇದ್ದೇನೆ. ಈಗ ಇವಳು ನಂಗೆ ಪಿಸ್ಟನ್ ಯಾವಾಗ ಮೇಲೆ ಹೋಗ್ತದೆ, ಯಾವಾಗ ಕೆಳಗೆ ಬರ್ತದೆ ಅಂತ ಹೇಳಿ ಕೊಡ್ತಾಳೆ. ಮಂಡೆ ಬಿಸಿ ಮಾರಾಯ್ರೆ." ದೂರು ಹೇಳುವವನ ಮುಖದಲ್ಲಿ ಸಂತೋಷ ತುಂಬಿತ್ತು.

ಮಾರ್ಚ್‌ನಲ್ಲಿ ಪರೀಕ್ಷೆ. ವಿಜ್ಞಾನ ಬರೆದು ಬಂದ ದಿನ ನಳಿನಾಕ್ಷಿ ಗೋಡೆಯ ಮೇಲಿಂದ ಪ್ರಶ್ನೆಪತ್ರಿಕೆ ಚಾಚಿದಳು. "ಎಂಜಿನ್ ಬರ್ಲಿಲ್ಲ ಟೀಚರ್. ಸುಮಾರು ಪ್ರಶ್ನೆ ನಾನು ಕೇಳದ್ದೇ ಬಂತು. ಒಮ್ಮೆ ನೋಡ್ತೀರಾ?"

ನನ್ನ ಕೈ ಒದ್ದೆಯಾಗಿತ್ತು. "ಒಂದೊಂದು ವರ್ಷ ಹಾಗೇ, ಕಷ್ಟ ಕೊಡ್ತಾರೆ. ಮುಗಿದದ್ದು ಮುಗೀತು, ಮಂಡೆ ಬಿಸಿ ಮಾಡ್ಬೇಡ" ಎಂದೆ. ಕೈ ಒರೆಸಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು ಹೇಳಿ?

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕನ್ನಡ, ಇಂಗ್ಲಿಷು, ಹಿಂದಿ, ಸಮಾಜ ಪಾಸು. ಗಣಿತದಲ್ಲಿ ಐವತ್ತೆಂಟು. ವಿಜ್ಞಾನದಲ್ಲಿ ಇಪ್ಪತ್ತೆರಡು, ಫೇಲು. ಎರಡನೆಯ ಪರೀಕ್ಷೆ ಉಂಟು, ಬರೆಯಬಹುದು. ಆದರೆ ಅದರ ಫಲಿತಾಂಶ ಬರುವ ಮೊದಲೇ ಅಂಗನವಾಡಿಗೆ ಅರ್ಜಿ ಹಾಕುವ ದಿನ ಮುಗಿದಿರುತ್ತದೆ. ಅಶ್ಮಿತಾ ಅಂಕ ಓದಿ ಹೇಳಿ ಒಳಗೆ ಹೋಗಿ ಅಳುವುದು ನನಗೆ ಕೇಳಿಸಿತು.

ನನಗೆ ಆ ಚಾನೆಲಿನ ಮೇಲೆ ಕೆಂಡದಂಥ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಕಲಿತವಳು ಫೇಲಾಗುವುದೆಂದರೆ ಎಂತ? ಸೀದಾ ಅವಳ ಜಗಲಿಗೆ ಹೋಗಿ "ಕೊಡು ಆ ಮೊಬೈಲು" ಎಂದೆ. ಕನ್ನಡಕ ಹಾಕಿ ಮೊದಲನೆಯ ಪಾಠ ಒತ್ತಿದೆ. ಶುರುವಿನ ನಾಲ್ಕು ಸೆಕೆಂಡು ಮಾತಿಲ್ಲ, ಸಂಗೀತ ಮಾತ್ರ. ಆ ನಾಲ್ಕು ಸೆಕೆಂಡು ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು: ಹಳೆಯ ಪಠ್ಯಕ್ರಮ. ಎರಡನೆಯ ಪಾಠ ಒತ್ತಿದೆ, ಅದರಲ್ಲೂ ಅದೇ. ಮೂವತ್ತಾರು ಪಾಠ, ಮೂವತ್ತಾರರಲ್ಲೂ ಅದೇ.

"ನಳಿನಾಕ್ಷಿ, ಇದು ಹಳತು ಮಾರಾಯ್ತಿ! ಇಲ್ಲಿ ಬರೆದಿದೆಯಲ್ಲ!"

"ನಾನು ನೋಡ್ಲಿಲ್ಲ ಟೀಚರ್. ನಾನು ಕೇಳಿದ್ದು."

ಥೂ, ಅವನ ಬಾಯಿಗೆ ಮಣ್ಣು ಹಾಕ! ಅಷ್ಟುದ್ದ ಮಾತಾಡುವವನಿಗೆ ಎರಡು ಶಬ್ದ ಬಾಯಿಬಿಟ್ಟು ಹೇಳಲು ಏನಾಗಿತ್ತು ರೋಗ? ಹಳತಾದ ಪಾಠವನ್ನು ತೆಗೆದು ಹಾಕಿದರೆ ನೋಡುವವರ ಲೆಕ್ಕ ಕಡಿಮೆಯಾಗುತ್ತದೆ ಎಂದೇ ಅಲ್ಲವೇ ಇಟ್ಟುಕೊಂಡದ್ದು? ಅಂಗಡಿಯವನು ಕೊಳೆತ ಮೀನು ಕೊಟ್ಟರೆ ಹೋಗಿ ಮುಖಕ್ಕೆ ಬಿಸಾಡಿ ಬರಬಹುದು. ಇವನನ್ನು ಎಲ್ಲಿ ಹುಡುಕುವುದು? ಅವಳ ಒಂಬತ್ತು ತಿಂಗಳನ್ನು ಯಾರ ಹತ್ತಿರ ಕೇಳುವುದು?

"ನಾನು ಒಮ್ಮೆ ಅವರಿಗೆ ಕೇಳಿದ್ದೆ ಟೀಚರ್" ಎಂದಳು ನಳಿನಾಕ್ಷಿ. "ಮೊಬೈಲಿಗೆ ಮಾತಲ್ಲೇ ಹೇಳಿ, ಬರೆಸಿ ಕಳಿಸಿದೆ. ಸರ್, ಈ ಪಾಠ ಬರುವ ಪರೀಕ್ಷೆಗೆ ಉಂಟಾ ಅಂತ."

"ಎಂತ ಹೇಳಿದ?"

"ಒಂದು ಕೆಂಪು ಹಾರ್ಟ್ ಬಂತು. ಉಂಟು ಅಂತ ಅಂದುಕೊಂಡೆ."

ನಾನು ಮತ್ತೆ ಬಯ್ಯತೊಡಗಿದೆ. ಚಾನೆಲಿಗೆ ಬೈದೆ, ಪರೀಕ್ಷೆ ಕಟ್ಟಿಸಿಕೊಂಡು ಹೊಸ ಪುಸ್ತಕ ಯಾವುದು ಎಂದು ಹೇಳದವರಿಗೆ ಬೈದೆ, ಪುಸ್ತಕ ಕೊಟ್ಟು ಹೋದ ಕೌಶಲ್‌ನಿಗೂ ಬೈದೆ. ಅವಳು ತಲೆ ಎತ್ತದೆ ಎಲೆ ಕತ್ತರಿಸುತ್ತಿದ್ದಳು. ನನ್ನ ಬಯ್ಗುಳ ಮುಗಿಯುವವರೆಗೆ ಕಾದು, ಕತ್ತರಿ ಕೆಳಗಿಟ್ಟಳು.

"ನೀವೂ ದಿನಾ ಕೇಳ್ತಾ ಇದ್ರಲ್ಲ ಟೀಚರ್, ಗೋಡೆಯ ಆಚೆಯಿಂದ. ಎಂಜಿನ್ ಪಾಠವನ್ನು ಒಟ್ಟಿಗೇ ಹೇಳ್ತಾ ಇದ್ರಿ. ನಂಗೆ ಕೇಳ್ತಿತ್ತು. ಟೀಚರಿಗೂ ಗೊತ್ತಿರುವ ಪಾಠ, ಹಾಗಾದ್ರೆ ಸರಿ ಉಂಟು ಅಂತ ಧೈರ್ಯ ಮಾಡಿದೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ದನಿ ಏರಿರಲಿಲ್ಲ. ಆದರೆ ಅದರಲ್ಲಿದ್ದ ಸಿಟ್ಟಿನ ಮುಂದೆ ನಾನು ಇಷ್ಟು ಹೊತ್ತು ಕೂಗಾಡಿದ್ದೆಲ್ಲ ಏನೂ ಅಲ್ಲ.

ಹೇಗೆ ಗೊತ್ತಾಗಬೇಕು? ನಿವೃತ್ತಿಯಾದ ಮರುದಿನದಿಂದ ನಾನು ಹತ್ತನೆಯ ತರಗತಿಯ ಪುಸ್ತಕ ಮುಟ್ಟಿಲ್ಲ. ಅದು ಬದಲಾದದ್ದೂ ನನಗೆ ಗೊತ್ತಿಲ್ಲ. ಪುಸ್ತಕ, ವಿಡಿಯೋ, ನಾನು, ಮೂರೂ ಹಳತು. ಮೂರೂ ಒಂದಕ್ಕೊಂದು ಸರಿಹೊಂದಿತು, ಅವಳು ನಂಬಿದಳು. ಚಾನೆಲಿನವನು ಮೂಲೆಯಲ್ಲಿ ಸಣ್ಣದಾಗಿಯಾದರೂ ಬರೆದಿದ್ದ. ನಾನು ಅದನ್ನೂ ಮಾಡಲಿಲ್ಲ. ಇವಳು ಕೇಳಿಕೊಂಡು ಬಂದ ದಿನ "ನನಗೆ ಈಗಿನ ಪಾಠ ಗೊತ್ತಿಲ್ಲ" ಎನ್ನುವ ಬದಲು "ಒತ್ತಿದರೆ ಆಯ್ತು" ಎಂದವಳು ನಾನು. ಯಾರನ್ನೂ ಬಿಡುವುದಿಲ್ಲ ಎಂದೆನಲ್ಲ, ಈ ಸತ್ಯವತಿ ಟೀಚರನ್ನೂ ಬಿಡುವುದಿಲ್ಲ.

ಎದ್ದು ಮನೆಗೆ ಬಂದೆ. ಮರುದಿನವೇ ಪೇಟೆಗೆ ಹೋಗಿ ಹೊಸ ವಿಜ್ಞಾನ ಪುಸ್ತಕ ತಂದೆ. ಎರಡು ವಾರ ಓದಿದೆ. ಎಷ್ಟೋ ಕಡೆ ನನಗೇ ಅರ್ಥವಾಗಲಿಲ್ಲ.

ಅಂಗನವಾಡಿಯ ಅರ್ಜಿಗೆ ಕೊನೆಯ ದಿನ ಒಂದು ಶುಕ್ರವಾರ. ಅವತ್ತು ಮಧ್ಯಾಹ್ನ ನಿದ್ದೆ ಮಾಡದೆ, ಪುಸ್ತಕ ಹಿಡಿದು ಗೋಡೆ ಸುತ್ತಿ ಅವಳ ಜಗಲಿಗೆ ಹೋದೆ. ಅವಳು ಎಂದಿನಂತೆ ಬೀಡಿ ಕಟ್ಟುತ್ತಿದ್ದಳು. ಕೆಮ್ಮು ಜಾಸ್ತಿಯಾಗಿತ್ತು. ಮೊಬೈಲು ಕಂಬಕ್ಕೆ ಒರಗಿರಲಿಲ್ಲ, ಬೋರಲಾಗಿ ನೆಲದ ಮೇಲೆ ಬಿದ್ದಿತ್ತು.

"ಎರಡನೇ ಪರೀಕ್ಷೆಗೆ ಕಟ್ಟಿದ್ದಿ ಅಲ್ವಾ ನಳಿನಾಕ್ಷಿ?"

"ಜಯ ಕಟ್ಟಿ ಬಂದಿದ್ದಾರೆ. ಆದ್ರೆ ಇವತ್ತಿಗೆ ಕೆಲಸ ಹೋಯ್ತಲ್ಲ ಟೀಚರ್. ಇನ್ನು ಪಾಸಾಗಿ ಎಂತ ಮಾಡ್ಲಿಕ್ಕುಂಟು?"

ಬಾಯಿಗೆ ಬಂದ ಸಮಾಧಾನವನ್ನೆಲ್ಲ ನುಂಗಿದೆ. "ತಪ್ಪು ನನ್ನದೂ ಉಂಟು" ಎಂದೆ. "ನನಗೂ ಇದು ಹೊಸತು. ಪೂರ್ತಿ ಬರುವುದಿಲ್ಲ. ಇಬ್ಬರೂ ಸೇರಿ ಕಲಿಯಬೇಕು."

ಅವಳು ಕೈಯಲ್ಲಿದ್ದ ಬೀಡಿ ಮುಗಿಸಿದಳು, ನೂಲು ಕಟ್ಟಿದಳು, ಇನ್ನೊಂದು ಎಲೆ ತೆಗೆದಳು. ಕೆಲಸ ಸಿಗುವುದಿಲ್ಲ ಎಂದು ಗೊತ್ತಿದ್ದವಳು ಯಾಕೆ ಓದಬೇಕು ಎಂದು ನಾನೇ ಎದ್ದು ಹೊರಡುವುದರಲ್ಲಿದ್ದೆ.

"ಫೇಲ್ ಅಂತ ಇಟ್ಕೊಂಡು ಕೂತ್ಕೊಳ್ಲಿಕ್ಕೆ ನಂಗೆ ಆಗುದಿಲ್ಲ" ಎಂದಳು ಸಿಡುಕಿನಿಂದ. ಮೊಣಕೈಯಿಂದ ಮೊಬೈಲನ್ನು ನನ್ನ ಕಡೆಗೆ ತಳ್ಳಿದಳು. "ನೀವು ನೋಡಿ ಟೀಚರ್. ನಾನು ಕೇಳ್ತೇನೆ."

ನಾನು ಕನ್ನಡಕ ಹಾಕಿಕೊಂಡು, ಹೊಸ ಪಾಠವೊಂದನ್ನು ಹುಡುಕಿ, ಅದು ಶುರುವಾಗುವ ಮೊದಲು ಪರದೆಯ ಮೇಲಿದ್ದ ಇಸವಿಯನ್ನು ಗಟ್ಟಿಯಾಗಿ ಓದಿ ಹೇಳಿದೆ.