ಹಿಂದೆ ನಾಲ್ವರು, ಮುಂದೆ ಮೂವರು

ಎಪ್ಪತ್ತರ ದಶಕದ ಕೊನೆಯಲ್ಲಿ ಸವಣೂರಿನ ಫುಟ್‌ಬಾಲ್ ತಂಡಕ್ಕೆ ನಾನು ಕ್ಯಾಪ್ಟನ್ ಆಗಿದ್ದೆ. ಹಗಲು ಅಪ್ಪನ ಜೊತೆ ವೀಳ್ಯದೆಲೆ ವ್ಯಾಪಾರ, ಸಂಜೆ ಊರಾಚೆಯ ಬಯಲಿನಲ್ಲಿ ಆಟ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ನಾನೇ. ಐದು ಮಂದಿ ಮುಂದೆ, ಮೂವರು ನಡುವೆ, ಇಬ್ಬರೇ ಹಿಂದೆ. ಮುಂದಿನ ಐವರ ನಟ್ಟನಡುವೆ ನಾನು. ಗೆದ್ದರೆ ಗೋಲುಗಳ ಸುರಿಮಳೆ, ಸೋತರೂ ಹಾಗೆಯೇ. ಜನಕ್ಕೆ ಅದು ಬಲು ಇಷ್ಟವಾಗಿತ್ತು, ನನಗಂತೂ ಇನ್ನೂ ಹೆಚ್ಚು.

ಆಗ ನಮ್ಮೂರಿಗೆ ಕೋಲಾರದ ಕಡೆಯಿಂದ ಒಬ್ಬ ದನದ ಡಾಕ್ಟರು ವರ್ಗವಾಗಿ ಬಂದರು. ಮೂವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಕೆಲವು ಸಂಜೆ ಬಯಲಿನ ಅಂಚಿನಲ್ಲಿ ನಿಂತು ನೋಡಿದರು. ಆಮೇಲೆ ನಮ್ಮ ಜೊತೆ ಆಡತೊಡಗಿದರು. ಒಂದು ದಿನ ಆಟ ಮುಗಿದ ಮೇಲೆ ಬೇವಿನ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು, ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು ನಿಂತರೆ ಹೇಗೆ ಎಂದು ಕೇಳಿದರು. ನಾಲ್ವರನ್ನು ಹಿಂದೆ ನಿಲ್ಲಿಸುವುದು ಹೆದರುಪುಕ್ಕರ ಆಟ ಎಂದು ನಾನು ನಕ್ಕೆ. ಉಳಿದವರೂ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

ನಮ್ಮ ಗೋಲ್‌ಕೀಪರ್ ನನ್ನ ಬಾಲ್ಯದ ಗೆಳೆಯ. ಪೇಟೆಯಲ್ಲಿ ಅವನ ಮನೆಯವರದು ಸೇವು, ಚುಡುವಾ ಕರಿದು ಮಾರುವ ಖಾರದ ಅಂಗಡಿಯಿತ್ತು. ಅವನು ಆ ಗೆರೆಗಳನ್ನೇ ನೋಡುತ್ತ, "ಒಮ್ಮೆ ಮಾಡಿ ನೋಡೂಣು. ಗೋಲ ಹೊಡಿಸಿಕೊಳ್ಳಾಂವ ನಾ ಅದೇನಿ, ನೀ ಅಲ್ಲ" ಎಂದ.

ಆ ಮಾತು ಎದೆಗೆ ನಾಟಿತು. ಅಂದಿನಿಂದ ಡಾಕ್ಟರು ಮಾಡಿದ್ದೆಲ್ಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಗೆಳೆಯ ಅಂಗಡಿಯಿಂದ ಬಿಸಿ ಖಾರದ ಪೊಟ್ಟಣ ತಂದು ಮೊದಲು ಅವರ ಕೈಗೆ ಕೊಡುತ್ತಿದ್ದ. ಮೊದಲಾಗಿದ್ದರೆ ಅದು ನನ್ನ ಕೈಗೆ ಬರುತ್ತಿತ್ತು. ಅವನು ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ ಸೈಕಲ್ಲಿನ ಹಿಂದೆ ಈಗ ಅವರು ಕೂರುತ್ತಿದ್ದರು. ಮನೆಯಲ್ಲಾದರೂ ನೆಮ್ಮದಿ ಉಂಟೇ ಎಂದರೆ, ನಮ್ಮ ಆಕಳು ಈಯುವಾಗ ಕರು ಅಡ್ಡ ಸಿಕ್ಕಿಕೊಂಡಾಗ ಬಂದು ಎಳೆದವರೂ ಅವರೇ. ಅವರು ಕೈ ತೊಳೆದು ಹೋದ ಮೇಲೆ ಅವ್ವ, "ಎಂಥಾ ಸಮಾಧಾನದ ಮನಶ್ಯಾ ಅಂವ. ನಿನ್ನಂಗ ದುಡುಕಾಂವ ಅಲ್ಲ" ಎಂದಳು. ನಾನು ಉಣ್ಣದೆ ಎದ್ದೆ.

ಶಿಗ್ಗಾಂವಿಯ ತಂಡದ ಮೇಲೆ ಆಟವಿದ್ದಾಗ ಎಲ್ಲರೂ ಸೇರಿ ಡಾಕ್ಟರ ಮಾತಿನಂತೆ ನಿಲ್ಲುವುದೆಂದು ತೀರ್ಮಾನಿಸಿದರು. ಡಾಕ್ಟರು ನನ್ನನ್ನು ಹಿಂದಿನ ನಾಲ್ವರ ನಡುವೆ ಹಾಕಿದರು. ಬೇರೆ ಯಾರನ್ನಾದರೂ ಹಾಕಿ ಎಂದೆ. "ಅಲ್ಲಿ ನಿಂತೋರು ಇಡೀ ಆಟ ನೋಡಬೇಕು. ನಿಮ್ಮಷ್ಟು ಆಟ ಗೊತ್ತಿರೋರು ಇಲ್ಲಿ ಇನ್ಯಾರಿದಾರೆ?" ಎಂದರು. ಹೊಗಳಿ ಹೊರಗೆ ಹಾಕುವ ಉಪಾಯವಿದು ಎಂದೇ ನನಗನ್ನಿಸಿತು.

ನಿಂತೆ. ಅವರ ಯೋಜನೆ ಮುರಿದು ಬೀಳಲಿ ಎಂದು ಮನಸ್ಸು ಹಾರೈಸುತ್ತಿತ್ತು. ಅದು ಬೀಳದಂತೆ ಕಾಯುವ ಕೆಲಸ ನನ್ನ ಕಾಲುಗಳದಾಗಿತ್ತು. ಚೆಂಡು ಬಂದರೆ ಬಿಡಲು ಕಾಲು ಒಪ್ಪುತ್ತಿರಲಿಲ್ಲ. ಒಂದೇ ಒಂದು ಗೋಲಿನಿಂದ ಗೆದ್ದೆವು. ವಾಪಸು ಬರುವಾಗ ಟೆಂಪೋದಲ್ಲಿ ಗೆಳೆಯ ಡಾಕ್ಟರ ಭುಜದ ಮೇಲೆ ಕೈ ಹಾಕಿ ಹಾಡುತ್ತಿದ್ದ. ನಾನು ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದೆ. ಹಾನಗಲ್ಲಿನವರ ಮೇಲೂ ಹಾಗೆಯೇ ಗೆದ್ದೆವು. ಗೆದ್ದಷ್ಟೂ ನನ್ನ ಹೊಟ್ಟೆಯುರಿ ಹೆಚ್ಚಿತು.

ಎಂಬತ್ತರ ದಶಕದ ಮೊದಲಲ್ಲಿ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಬಸ್ಸಿಗೆ ಹತ್ತಿಸಿ ಬಂದ ಮರುದಿನವೇ ನಾನು ಹಳೆಯ ಪದ್ಧತಿಗೆ ಮರಳಿದೆ. ಯಾರೂ ಬೇಡ ಎನ್ನಲಿಲ್ಲ. ಆದರೆ ಮುಂದೆ ನಿಂತರೆ ನನಗೆ ಆಟವೇ ಕಾಣುತ್ತಿರಲಿಲ್ಲ. ಮತ್ತೆ ಮತ್ತೆ ತಿರುಗಿ ಹಿಂದೆ ನೋಡುತ್ತಿದ್ದೆ. ವಾರ ಕಳೆಯುವುದರೊಳಗೆ ಮತ್ತೆ ನಾಲ್ವರನ್ನು ಹಿಂದೆ ಮಾಡಿ, ನಾನಾಗಿಯೇ ಅವರಲ್ಲೊಬ್ಬನಾಗಿ ಹೋಗಿ ನಿಂತೆ. ಗೆಳೆಯ ಚೆಂಡನ್ನು ನನ್ನ ಕಡೆ ಉರುಳಿಸಿದ.

ಮರುವರ್ಷ ಹಿರೇಕೆರೂರಿನವರು ಆಟಕ್ಕೆ ಕರೆದರು. ಹೋಗಿ ನೋಡಿದರೆ ಅವರಲ್ಲೂ ಹಿಂದೆ ನಾಲ್ವರು. ನನ್ನ ಜಾಗದಲ್ಲಿ ಮಾಸೂರಿನ ಒಬ್ಬ ಎತ್ತರದ ತರುಣ. ಆಟಕ್ಕೆ ಮುಂಚೆ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ನನಗೆ ಹೇಳುತ್ತಿದ್ದ ಹಾಗೆಯೇ ಮೆಲ್ಲಗೆ ಏನೋ ಹೇಳುತ್ತಿದ್ದರು. ಅವರು ನಮ್ಮಲ್ಲಿದ್ದಾಗ ಎಷ್ಟು ಉರಿದಿದ್ದೆನೋ ಅದಕ್ಕಿಂತ ಹೆಚ್ಚು ಆಗ ಉರಿದೆ. ಅವನನ್ನು ದಾಟಿ ಗೋಲು ಹೊಡೆಯಿರೆಂದು ನಮ್ಮ ಮುಂದಿನ ಮೂವರಿಗೆ ಆಟದುದ್ದಕ್ಕೂ ಕೂಗುತ್ತಲೇ ಇದ್ದೆ. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಗೋಲಿಲ್ಲದೆ ಆಟ ಮುಗಿಯಿತು.

ಡಾಕ್ಟರು ನೇರವಾಗಿ ನನ್ನ ಬಳಿ ಬಂದು ಹುಲ್ಲಿನ ಮೇಲೆ ಕುಳಿತರು. ಅವ್ವನ ಆರೋಗ್ಯ, ಆಕಳ ಆರೋಗ್ಯ ಎರಡನ್ನೂ ಕೇಳಿದರು. ಆ ಮಾಸೂರಿನವ ಚೆನ್ನಾಗಿ ಆಡುತ್ತಾನೆ ಎಂದೆ.

ಅವರು ನಕ್ಕರು. "ಅವನಿಗೆ ನಿಮ್ಮನ್ನ ಕಂಡ್ರೆ ಆಗಲ್ಲ. ಸವಣೂರಿನವರು ಹೀಗೆ ನಿಲ್ತಿದ್ರು, ಹೀಗೆ ತಡೀತಿದ್ರು ಅಂತ ದಿನಾ ನಿಮ್ಮದೇ ಹೇಳ್ತೀನಿ."

ತಲೆಯೆತ್ತಿ ನೋಡಿದೆ. ಆ ತರುಣ ದೂರದಲ್ಲಿ ಟವೆಲ್ಲು ಹಿಡಿದು ನಿಂತು ನಮ್ಮಿಬ್ಬರನ್ನೇ ದುರುಗುಟ್ಟಿ ನೋಡುತ್ತಿದ್ದ. ಆ ನೋಟ ಎಂಥದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರಿದು ಜಾಗ ಮಾಡಿ, "ಬಾರಪಾ, ಕುಂದ್ರು" ಎಂದು ಕರೆದೆ. ಅವನು ಬರಲಿಲ್ಲ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲಿಯೇ ನಿಂತು, ಡಾಕ್ಟರು ನನ್ನ ಬಳಿಯಿಂದ ಏಳುವುದನ್ನೇ ಕಾಯುತ್ತಿದ್ದ.