ಎದೆಯ ಮೇಲಿನ ಹೆಸರು

ನೆವಿಲ್ ಸತ್ತು ಹದಿನಾಲ್ಕು ತಿಂಗಳಾದರೂ ಲೊರೇನ್ ಅತ್ತಿರಲಿಲ್ಲ. ಹ್ಯಾಲಿಫ್ಯಾಕ್ಸ್‌ನ ಶಾಲೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾ, ಮಕ್ಕಳ ತಟ್ಟೆಗೆ ಬಡಿಸುತ್ತಾ ದಿನ ದೂಡುತ್ತಿದ್ದಳು. ಊರವರು ಒಳ್ಳೆಯವರೇ, ಪಾಪ. ಅವಳೆದುರು ಗಂಡನ ಹೆಸರೆತ್ತಲು ಹೆದರಿ ಮಳೆ ಬಿಸಿಲಿನ ಮಾತಾಡುತ್ತಿದ್ದರು. ಅಂಥ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ! ಆ ಹೆಸರು ಕಿವಿಗೇ ಬೀಳದೆ, ನೆವಿಲ್ ಎಂಬವನೊಬ್ಬ ಇದ್ದದ್ದೇ ಸುಳ್ಳೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಕೊನೆಗಾಲದಲ್ಲಿ ಅವನನ್ನು ಮನೆಗೇ ಬಂದು ನೋಡಿಕೊಂಡಿದ್ದ ದಾದಿಯರ ಸಂಸ್ಥೆಗೆ ಹಣ ಕೂಡಿಸಲು ಮ್ಯಾರಥಾನ್ ಓಡುತ್ತೀಯಾ ಎಂದು ಯಾರೋ ಕೇಳಿದರು. ಬೇಡವೆನ್ನುವಷ್ಟೂ ಮನಸ್ಸಿಲ್ಲದೆ ಹೂಂ ಎಂದಳು. ಸಂಸ್ಥೆಯಿಂದ ಹಸಿರು ಬನಿಯನ್ನೂ ಇಸ್ತ್ರಿ ಹಾಕಿ ಅಂಟಿಸುವ ಅಕ್ಷರಗಳೂ ಬಂದವು.

ಓಟದ ಬೆಳಿಗ್ಗೆ, ಎದೆಯ ಮೇಲೆ 'ನೆವಿಲ್' ಎಂದು ಅಂಟಿಸಿದ್ದ ಅವಳ ಬನಿಯನ್ ನೋಡಿ, ಜೊತೆಗೆ ಕೆಲಸ ಮಾಡುವ ಗ್ಲೆನಿಸ್ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಮುಂದ್ಗಡೆ ನಿನ್ ಹೆಸ್ರು ಹಾಕ್ಬೇಕು ಕಣೇ, ಜನ ಕೂಗೋಕೆ. ಹೋದೋರ್ ಹೆಸ್ರು ಬೆನ್ನಿಗೆ!"

"ಯಾರಿಗೋಸ್ಕರ ಓಡ್ತೀವೋ ಅವ್ರದ್ದು ಅಂದ್ಕೊಂಡೆ. ಈಗ ಕಿತ್ರೆ ಬಟ್ಟೆ ಹಾಳಾಗತ್ತೆ, ಬಿಡು."

ಮೊದಲ ತಿರುವಿನಲ್ಲೇ ಶುರುವಾಯಿತು. "ಬಾ ನೆವಿಲ್!" ಪಬ್ಬಿನ ಮುಂದೆ ಒಬ್ಬ ಬಿಯರ್ ಲೋಟ ಎತ್ತಿ, "ಏನೋ ನೆವಿಲ್, ಲಿಪ್‌ಸ್ಟಿಕ್ ಜೋರಾಗಿದ್ಯಲ್ಲೋ!" ಎಂದ. ಸುತ್ತಲಿದ್ದವರು ಬಿದ್ದುಬಿದ್ದು ನಕ್ಕರು. ಲೊರೇನ್‌ಗೆ ಕೋಪವೂ ಬರಲಿಲ್ಲ, ನಗುವೂ ಬರಲಿಲ್ಲ. ಕಾಲುಗಳು ತಮ್ಮ ಪಾಡಿಗೆ ಬೀಳುತ್ತಿದ್ದವು.

ಹದಿನೆಂಟನೇ ಮೈಲಿಯಲ್ಲಿ ಸೇತುವೆಯೊಂದರ ಮೇಲೆ ಜನವೇ ಇರಲಿಲ್ಲ. ಆಗ ಗೊತ್ತಾಯಿತು, ತಾನು ಕಿವಿಗೊಟ್ಟು ಕಾಯುತ್ತಿದ್ದೇನೆ ಎಂದು. ಮುಂದಿನ ಗುಂಪು ಬೇಗ ಸಿಗಲೆಂದು, ಉಗುರು ಕಿತ್ತುಹೋಗಿದ್ದ ಕಾಲ ಹೆಬ್ಬೆರಳಿನಲ್ಲೇ ಜೋರಾಗಿ ಓಡಿದಳು. ಗುಂಪು ಸಿಕ್ಕಾಗ ಕುಂಟುತ್ತಾ ನಿಧಾನವಾದಳು. ಅಲ್ಲಿ ಕಿತ್ತಳೆ ತೊಳೆ ಹಿಡಿದು ನಿಂತಿದ್ದ ಮುದುಕಿಯೊಬ್ಬಳು, "ನೆವಿಲ್, ಇಷ್ಟ್ ದೂರ ಬಂದು ನಿಲ್ತಾರೇನಮ್ಮಾ?" ಎಂದಳು. ಲೊರೇನ್ ನಿಲ್ಲಲಿಲ್ಲ.

ಮುಕ್ತಾಯದ ಗೆರೆ ದಾಟಿದ ಕೂಡಲೇ ಸ್ವಯಂಸೇವಕನೊಬ್ಬ ಪದಕ ಹಾಕಿ, ಚಳಿಯಾಗದಂತೆ ಬೆಳ್ಳಿ ಬಣ್ಣದ ಹಾಳೆಯನ್ನು ಕುತ್ತಿಗೆಯಿಂದ ಮಂಡಿಯವರೆಗೆ ಸುತ್ತಿದ. ಹೆಸರು ಮುಚ್ಚಿಹೋಯಿತು. ಅವಳು ನೂರು ಹೆಜ್ಜೆ ನಡೆದಳು. ಯಾರೂ ಕೂಗಲಿಲ್ಲ.

ವಾಪಸ್ ಬಂದು, ಆ ಸ್ವಯಂಸೇವಕನೆದುರು ನಿಂತು ಹಾಳೆ ಸರಿಸಿದಳು.

"ಒಂದ್ಸಲ ಓದ್ತೀರಾ? ಜೋರಾಗಿ."

ಅವನು ಅವಳ ಮುಖ ನೋಡಿದ, ಎದೆಯ ಅಕ್ಷರ ನೋಡಿದ.

"ಶಭಾಷ್, ನೆವಿಲ್," ಎಂದ. "ಮುಗೀತು. ಇನ್ನು ಕೂತ್ಕೋ."

ಲೊರೇನ್ ಗಂಡನ ಪರವಾಗಿ ಹೂಂ ಎಂದಳು. ಕೂತಳು. ಆಮೇಲೆ ಅಳು ಬಂತು.