ಹಿಂದಿನ ಬಾಗಿಲ ಕಾಳವ್ವ

ಪತ್ತಾರ ಕಾಳವ್ವ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದಳು. ಸಂತೆಯಲ್ಲಿ ಎದುರಾದ ಹೆಂಗಸಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಅವರೆಕಾಯಿ ಹಿಚುಕಿ ನೋಡುವ ಹಾಗೆ ನೋಡಿ, ‘ನೀ ಅಂದೋಲಾಕ್ಕ ಕೊಟ್ಟ ಹುಡುಗಿ ಅಲ್ಲೇನಬೇ? ಬಲಗಿವಿ ಜರಾ ದಪ್ಪ ಅದ’ ಎನ್ನುತ್ತಿದ್ದಳು. ಹೆಸರು ಮರೆತಿರುತ್ತಿತ್ತು, ಕಿವಿ ಮರೆತಿರುತ್ತಿರಲಿಲ್ಲ. ನಮ್ಮೂರು ಮಟಕಿಯಲ್ಲಿ ಐವತ್ತು ವರ್ಷ ಹೆಣ್ಣುಮಕ್ಕಳ ಕಿವಿ ಚುಚ್ಚಿದ್ದು ಆ ಎರಡು ಬೆರಳು. ಒಂದು ಮನೆಯವರೂ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ. ನೆನೆಸಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಕೆಯ ಗಂಡ ಬಂಗಾರದ ಕೆಲಸದವನು. ಕಣ್ಣು ಮಂದ. ಅವನು ಬದುಕಿದ್ದಾಗಲೇ ಕಿವಿ ಚುಚ್ಚುವ ಸೂಜಿ ಹೆಂಡತಿಯ ಕೈಗೆ ಬಂದಿತ್ತು. ಆಗ ಆಕೆಯನ್ನು ಪಡಸಾಲೆಯಲ್ಲಿ ಕೂರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಿದ್ದರಂತೆ. ಗಂಡ ಸತ್ತ. ಅದೇ ಕೈ ಅಶುಭ ಆಯಿತು. ಬೆರಳು ಐದರಲ್ಲಿ ನಾಲ್ಕಾದವೇನು? ಮುಂಡೆಯ ಕೈಯಿಂದ ಶುಭಕಾರ್ಯ ಮಾಡಿಸಬಾರದು ಅಂದರು. ಸರಿ, ಹಾಗಾದರೆ ಬಿಟ್ಟುಬಿಟ್ಟರೇ? ಅದೂ ಇಲ್ಲ. ಯಾಕೆಂದರೆ ಆಕೆಯ ಮೈದುನ ಈರಣ್ಣ ರಕ್ತ ಕಂಡರೆ ಬೆವರುವ ಗಂಡಸು. ಅವನ ಕೈಗೆ ಕಿವಿ ಕೊಟ್ಟರೆ ಸೂಜಿ ಕೆನ್ನೆಗೆ ಬರುತ್ತಿತ್ತು. ಅದಕ್ಕೆ ಊರಿನವರು ಒಂದು ದಾರಿ ಹುಡುಕಿದರು. ಶಾಸ್ತ್ರದ ಹಿಂದಿನ ದಿನ ಕಾಳವ್ವ ಹಿಂದಿನ ಬಾಗಿಲಿಂದ ಬಂದು ದನದ ಕೊಟ್ಟಿಗೆಯಲ್ಲಿ ಚುಚ್ಚಿ ಹೋಗಬೇಕು. ಮರುದಿನ ಈರಣ್ಣ ರುಮಾಲು ಸುತ್ತಿಕೊಂಡು ಮುಂದಿನ ಬಾಗಿಲಿಂದ ಬಂದು, ಆಗಲೇ ಇದ್ದ ತೂತಿಗೆ ಬಂಗಾರದ ತಂತಿ ಮುಟ್ಟಿಸಿದಂತೆ ಮಾಡಬೇಕು. ಕೂಸು ಯಾಕೆ ಅತ್ತೀತು? ಹೆಂಗಸರೆಲ್ಲ, ‘ಏನ್ ಕೈಗುಣರೀ ಈರಣ್ಣಂದು! ಕೂಸಿಗಿ ಖಬರs ಆಗಲಿಲ್ಲ ನೋಡ್ರಿ’ ಎಂದು ಹೊಗಳುತ್ತಿದ್ದರು. ಅವನೂ ಮೀಸೆ ತಿರುವುತ್ತಿದ್ದ. ನಾಚಿಕೆ ಎನ್ನುವುದು ಇರಲಿಲ್ಲ.

ನಾನು ಇಜೇರಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಕೆಳಗಿನ ಕಿವಿ ತವರಲ್ಲೇ ಚುಚ್ಚಿಸಿಯಾಗಿತ್ತು. ಇಲ್ಲಿ ಹೊಸ ಸೊಸೆಗೆ ಮೇಲ್ಗಿವಿ ಚುಚ್ಚಿಸಿ ಬುಗುಡಿ ಇಡುವ ರೂಢಿ. ನಮ್ಮತ್ತೆ ನನ್ನ ರಟ್ಟೆ ಹಿಡಿದು ಕೊಟ್ಟಿಗೆಗೆ ಒಯ್ದರು. ಅಲ್ಲಿ ಎಮ್ಮೆಯ ಪಕ್ಕ, ನನಗಿಂತ ಎಂಟು ಹತ್ತು ವರ್ಷ ದೊಡ್ಡವಳಾದ ಒಬ್ಬ ಹೆಂಗಸು ಸೂಜಿಗೆ ಎಣ್ಣೆ ಸವರುತ್ತ ಕೂತಿದ್ದಳು.

‘ಇರಿವಿ ಕಚ್ಚಿದಂಗ ಆಗ್ತದ ಅಷ್ಟs,’ ಎಂದರು ಅತ್ತೆ.

‘ಸುಳ್ಳ್ ಹೇಳಬ್ಯಾಡ್ರಿ ಹುಡುಗಿಗಿ,’ ಎಂದಳು ಕಾಳವ್ವ. ‘ಕೂಡ್ರಬೇ. ಕೆಳಗಿಂದು ಮಾಂಸ, ಮ್ಯಾಲಿಂದು ಎಳೀ ಎಲುಬು. ಮಾಂಸ ಮರೀತದ, ಎಲುಬು ಮರ್ಯಂಗಿಲ್ಲ. ನೋವು ಆಗ್ತದ. ನಿಮ್ಮ ನೆಗೆಣ್ಣಿ ಗುರುಬಾಯಿಗಿ ಚುಚ್ಚಿದಾಗ ಆಕಿ ಒದರಿದ್ದಕ್ಕ ಈ ಎಮ್ಮಿ ಹಗ್ಗ ಹರಕೊಂಡು ಹೋಗಿತ್ತು. ನೀ ಎಮ್ಮಿ ಮ್ಯಾಲ ಜರಾ ಕರುಣಾ ಇಡು.’

ನನಗೆ ನಗು ಬಂತು. ನಗುವಾಗಲೇ ಚುಚ್ಚಿಬಿಟ್ಟಳು. ಕರಕ್ ಎಂದ ಸಪ್ಪಳ ನನ್ನ ತಲೆಯೊಳಗೆ ಕೇಳಿತು. ಮರುದಿನ ಪಡಸಾಲೆ ತುಂಬ ಜನ. ಈರಣ್ಣ ತಂತಿ ಹಿಡಿದು ಬಂದ. ನಾನು ತಿಳಿಗೇಡಿ, ‘ನಿನ್ನೇನೇ ಚುಚ್ಚ್ಯಾರಲ್ರಿ, ಮತ್ತ್ಯಾಕ?’ ಎಂದೆ. ಅತ್ತೆ ಸೀರೆಯ ಮರೆಯಲ್ಲಿ ನನ್ನ ತೊಡೆ ಚಿವುಟಿದರು. ಕಿವಿಗಿಂತ ಅದೇ ಹೆಚ್ಚು ದಿನ ನೊಂದಿತು. ಆಮೇಲೆ ನಾನೂ ಬಾಯಿ ಮುಚ್ಚಿದೆ. ನನ್ನ ಇಬ್ಬರು ಹೆಣ್ಣುಮಕ್ಕಳ ಕಿವಿಯನ್ನೂ ಅದೇ ಕೊಟ್ಟಿಗೆಯಲ್ಲಿ ಚುಚ್ಚಿಸಿದೆ. ಸುಳ್ಳು ಹೇಳಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಒಮ್ಮೆ ಕೇಳಿದೆ, ‘ಇಷ್ಟ್ ಅವಮಾನ ಮಾಡ್ತಾರ, ಯಾಕ ಬರ್ತೀದಿ ಅಕ್ಕಾ?’

‘ನಾ ಬರಲಿಲ್ಲಂದ್ರ ಈರಣ್ಣ ಚುಚ್ತಾನ. ಕೂಸುಗೋಳು ಏನ್ ಪಾಪ ಮಾಡ್ಯಾವಬೇ?’ ಎಂದಳು.

ಹೋದ ವರ್ಷ ನನ್ನ ಮೊಮ್ಮಗಳು ಅಂಬಿಕಾ ಕಲಬುರ್ಗಿಯ ಕಾಲೇಜಿನಿಂದ ರಜೆಗೆ ಬಂದಳು. ‘ಆಯಿ, ಮ್ಯಾಲಿನ ಕಿವಿಗಿ ಒಂದು ಸಣ್ಣ ರಿಂಗ್ ಹಾಕಿಸ್ಕೋತೀನಿ. ಒಂದs ಕಿವಿಗಿ. ಗೆಳತ್ಯಾರೆಲ್ಲ ಹಾಕಿಸ್ಕೊಂಡಾರ,’ ಎಂದಳು. ಒಂದೇ ಕಿವಿಗೆ ಯಾಕೆ, ಇನ್ನೊಂದು ಏನು ಮಾಡಿತ್ತು ಎಂದು ನನಗೆ ತಿಳಿಯಲಿಲ್ಲ. ಆದರೆ ಇದೇ ಸಮಯ ಎನ್ನಿಸಿತು. ‘ಕಾಳವ್ವನ ಕೈಲೆ ಚುಚ್ಚಿಸ್ಕೋ. ಪಡಸಾಲ್ಯಾಗ, ಹಗಲಾಗ, ಎಲ್ಲಾರ ಮುಂದ,’ ಎಂದೆ.

ಹೇಳಿ ಕಳಿಸಿದರೆ ಆಕೆ ರೂಢಿಯಂತೆ ಹಿಂದಿನ ಬಾಗಿಲಿಂದ ಬಂದು ಎಮ್ಮೆಯ ಹತ್ತಿರ ನಿಂತಿದ್ದಳು. ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ. ನನ್ನ ಓರಗಿತ್ತಿ ಗುರುಬಾಯಿ ಅಡ್ಡ ನಿಂತಳು.

‘ಮದಿವಿ ಆಗೋ ಹುಡುಗಿ ಅದ. ಪಡಸಾಲ್ಯಾಗ ಬ್ಯಾಡ. ಹಿಂದ ಚುಚ್ಲಿ, ಯಾರ ಬ್ಯಾಡ ಅಂದಾರ?’

‘ನಿನ್ನ ಕಿವಿ ಚುಚ್ಚಿದಾಕಿ ಈಕೀನೇ. ಮೊದಲ ಆ ಬುಗುಡಿ ತಗದು ಕೈಯಾಗಿಡು, ಆಮ್ಯಾಲ ಮಾತಾಡು!’ ಎಂದೆ.

ಕಾಳವ್ವನೇ ಹಿಂಜರಿದಳು. ‘ಬಿಡs ಯವ್ವಾ. ಕೊಟಗ್ಯಾಗ ಬೆಳಕು ಚೊಲೊ ಅದ.’

‘ಅಲ್ಲಿ ಬೆಳಕೆಲ್ಲಿ ಅದ? ಎಮ್ಮಿ ಅದ!’

ಅಂಬಿಕಾ ಕುರ್ಚಿ ಎಳೆದು ಬಾಗಿಲ ಬೆಳಕಿಗೆ ಕೂತು ಕೂದಲು ಕಟ್ಟಿಕೊಂಡಳು. ‘ಚುಚ್ಚು ಆಯಿ. ಇಲ್ಲಾಂದ್ರ ನಾ ಏಳಂಗಿಲ್ಲ,’ ಎಂದಳು. ಕಾಳವ್ವ ಸೂಜಿ ಕುದಿಸಿ ತರಿಸಿದಳು. ಕಣ್ಣಿನ ಆಪರೇಶನ್ ಆಗಿತ್ತು, ಕೈ ನಡುಗಲಿಲ್ಲ. ಚುಚ್ಚಿ ರಿಂಗ್ ಹಾಕಿ ಹೇಳಿದಳು: ‘ಮೂರು ತಿಂಗಳ ಈ ಬದಿ ಮಲಗಬ್ಯಾಡ. ಫೋನ್ ಈ ಕಿವಿಗಿ ಹಚ್ಚಬ್ಯಾಡ. ಕೈಯಂತೂ ಹಚ್ಚಲೇಬ್ಯಾಡ.’

ಆ ಹುಡುಗಿ ಹಾಸ್ಟೆಲಿಗೆ ಹೋಗಿ ಮೂರನ್ನೂ ಮಾಡಿದಳು. ಇಪ್ಪತ್ತು ದಿನಕ್ಕೆ ಕಿವಿ ಬದನೆಕಾಯಿಯಾಗಿ ಮನೆಗೆ ಬಂದಳು. ಗುರುಬಾಯಿಗೆ ಹಬ್ಬ. ‘ನಾ ಹೇಳಿದ್ನಿಲ್ಲೋ? ಮುಂಡಿ ಕೈ ಮುಟ್ಟಿಸಿದ್ರ ಹಿಂಗs ಆಗ್ತದ’ ಎಂದು ಓಣಿಯ ತುಂಬ ಸಾರಿದಳು. ಸುದ್ದಿ ಕೇಳಿ ಕಾಳವ್ವ ತಾನಾಗಿಯೇ ಬಂದಳು, ಯಾರೂ ಕರೆಯದೆ, ನೆಟ್ಟಗೆ ಮುಂದಿನ ಬಾಗಿಲಿಂದ. ಕಿವಿ ಮುಟ್ಟಿ ನೋಡಿ, ‘ಬಿಸಿ ಅದ. ಎಲುಬಿಗಿ ಹೋಗ್ಯಾದ. ಇದು ಎಣ್ಣಿ ಅರಿಷಿಣಕ್ಕ ಬಗ್ಗೂದಲ್ಲ, ಇವತ್ತs ದವಾಖಾನಿಗಿ ಒಯ್ರಿ’ ಎಂದಳು.

ಆಳಂದದ ಡಾಕ್ಟರಮ್ಮ ಕಿವಿ ನೋಡಿ, ‘ತೂತು ನೆಟ್ಟಗದ. ಯಾವ ಬದಿ ಮಲಗ್ತೀಯವ್ವ? ಫೋನ್ ಯಾವ ಕಿವಿಗೆ?’ ಎಂದು ಕೇಳಿದರು. ಅಂಬಿಕಾ ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಸೇರಿಸಿದಳು. ಇಂಜೆಕ್ಷನ್, ಗುಳಿಗೆ ಎಲ್ಲ ಆಗಿ ಹದಿನೈದು ದಿನಕ್ಕೆ ಕಿವಿ ಇಳಿಯಿತು. ಡಾಕ್ಟರ ಮಾತನ್ನು ನಾನು ಮನೆಮನೆಗೆ ಹೋಗಿ ಹೇಳಿದೆ. ಯಾರಿಗೂ ಅದು ಬೇಕಿರಲಿಲ್ಲ. ಚಹಾ ಕೊಟ್ಟರು, ‘ಆದ್ರೂ ನೋಡ್ರಿ...’ ಎಂದರು. ಆಮೇಲೆ ಹಿಂದಿನ ಬಾಗಿಲಿಗೂ ಆಕೆಯನ್ನು ಯಾರೂ ಕರೆಯಲಿಲ್ಲ.

ತಪ್ಪು ನನ್ನದು. ಮುಂದೆ ತಂದು ಕೂರಿಸಿದವಳು ನಾನು. ಅಂಬಿಕಾಳನ್ನು ಕರೆದುಕೊಂಡು ಅದನ್ನೇ ಹೇಳಲು ಆಕೆಯ ಮನೆಗೆ ಹೋದೆ. ಬಿಸಿಲಿಗೆ ಕಟ್ಟೆಯ ಮೇಲೆ ಕೂತಿದ್ದಳು. ಕಿವಿ ಹಿಡಿದು ನೋಡಿ, ‘ಚೊಲೊ ಕೂಡ್ಯಾದ’ ಎಂದು ಹುಡುಗಿಯ ತಲೆಗೆ ಮೊಟಕಿದಳು. ನಾನು ಊರಿನವರನ್ನು ಬಯ್ಯಲು ಸುರು ಮಾಡಿದರೆ ಆಕೆ ನಗತೊಡಗಿದಳು. ಬಾಯಲ್ಲಿ ಎರಡೇ ಹಲ್ಲು.

‘ಯಾಕ್ ಒದರ್ತೀ? ಐವತ್ತು ವರ್ಷದಾಗ ಎಷ್ಟೋ ಕಿವಿ ಬಾತಾವ. ಒಮ್ಮಿನೂ ಯಾರೂ ನನಗ ಬೈದಿಲ್ಲ. ಹೆಂಗ ಬೈತಾರ? ನಾ ಚುಚ್ಚೇ ಇಲ್ಲಲ್ಲ! ಈಗ ಊರ ತುಂಬ ಕಾಳವ್ವ ಚುಚ್ಚಿದ ಕಿವಿ, ಕಾಳವ್ವ ಚುಚ್ಚಿದ ಕಿವಿ ಅನ್ನಾಕತ್ತಾರ. ಅನ್ಲಿ ಬಿಡು. ಕೇಳಾಕ ಚೊಲೊ ಅದ.’

ಅಂಬಿಕಾಳೂ ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟು ಇಳಿದಿರಲಿಲ್ಲ.

ದೀಪಾವಳಿ ಆದ ವಾರಕ್ಕೆ ಕಾಳವ್ವ ಹೋದಳು. ಸುದ್ದಿ ತಂದದ್ದು ಗುರುಬಾಯಿಯ ಸೊಸೆ. ‘ಆ ಕಿವಿ ಕೆಡಿಸಿದ ಕಾಳವ್ವ ತೀರಿಕೊಂಡಳಂತ್ರಿ,’ ಎಂದಳು ಬಾಗಿಲಲ್ಲಿ ನಿಂತು.

‘ಕಿವಿ ಚುಚ್ಚಿದ ಕಾಳವ್ವ ಅನ್ನು,’ ಎಂದೆ.

ಅಂದಳು. ಸಣ್ಣ ದನಿಯಲ್ಲಿ ಅಂದಳು. ಇನ್ನೊಮ್ಮೆ, ಓಣಿಗೆ ಕೇಳುವ ಹಾಗೆ, ಅವಳ ಬಾಯಿಂದ ಅನ್ನಿಸಿದೆ. ಆಮೇಲೆ ಆಕೆಯ ಮಣ್ಣಿಗೆ ಹೊರಟೆ.